ಎಚ್ಚರಿಕೆ ಬಾಟಲಿಯ ಮೇಲೆ, ಬಾಟಲಿ ಮಕ್ಕಳ ಕೈಯಲ್ಲಿ

ಮಕ್ಕಳಿಗೆ ಯೋಗ್ಯವಲ್ಲ ಎಂದು ಸರ್ಕಾರವೇ ಬರೆಸಿದ ಪಾನೀಯವನ್ನು ಅಂಗಡಿಯವರು ಮಕ್ಕಳಿಗೇ ಮಾರಿದರೂ ಕರ್ನಾಟಕದಲ್ಲಿ ಕೇಳುವವರಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ರೂಪಿಸಿದ ನಿಯಮದಂತೆ ಎನರ್ಜಿ ಡ್ರಿಂಕ್‌ನ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಮಕ್ಕಳು, ಗರ್ಭಿಣಿಯರು, ಹಾಲುಣಿಸುವ ತಾಯಂದಿರಿಗೆ ಇದು ಸಲ್ಲದು ಎಂಬ ಎಚ್ಚರಿಕೆಯನ್ನು ಬಾಟಲಿಯ ಮೇಲೆ ಮುದ್ರಿಸಲೇಬೇಕು. ಮುದ್ರಿಸಿದರೆ ಕಂಪನಿಯ ಹೊಣೆ ತೀರಿತು. ಮಾರುವವನಿಗೆ ಹೊಣೆಯೇ ಇಲ್ಲ. ಆ ಎಚ್ಚರಿಕೆಯೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಹಳ್ಳಿಯ ಕಿರಾಣಿ ಅಂಗಡಿಯಾತ, ಅವನಲ್ಲಿ ಬಾಟಲಿ ಕೊಳ್ಳುವ ಏಳನೇ ತರಗತಿಯ ಹುಡುಗ, ಆ ಹುಡುಗನ ತಾಯಿ, ಮೂವರೂ ಓದಲಾಗದ ಎಚ್ಚರಿಕೆಯಿಂದ ಯಾರಿಗೆ ರಕ್ಷಣೆ?

ಈ ಪಾನೀಯ ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. 1970ರ ದಶಕದ ಥಾಯ್ಲೆಂಡ್‌ನಲ್ಲಿ ಲಾರಿ ಚಾಲಕರು, ಕೂಲಿಕಾರರು ನಿದ್ದೆ ತಡೆಯಲು ಕುಡಿಯುತ್ತಿದ್ದ ಕ್ರಾಟಿಂಗ್ ಡೇಂಗ್ ಅನ್ನು ಆಸ್ಟ್ರಿಯಾದ ಡೀಟ್ರಿಚ್ ಮಾಟೆಶಿಟ್ಜ್ 1987ರಲ್ಲಿ ರೆಡ್ ಬುಲ್ ಎಂಬ ಹೆಸರಿನಲ್ಲಿ ಯುರೋಪಿನ ಮಾರುಕಟ್ಟೆಗೆ ತಂದರು. ನಮ್ಮಲ್ಲಿ ಅದರ ಬೆಲೆಯೇ ಮಕ್ಕಳನ್ನು ದೂರ ಇಟ್ಟಿತ್ತು. 2017ರಲ್ಲಿ ಪೆಪ್ಸಿಕೋ ಸ್ಟಿಂಗ್ ತಂದಿತು. ಮುಂದೆ ಅದು 20 ರೂಪಾಯಿಯ ಪುಟ್ಟ ಬಾಟಲಿಗೆ ಇಳಿದಾಗ ಆ ಅಡ್ಡಗೋಡೆಯೂ ಬಿತ್ತು. ಇಂದು ಬಸ್ ನಿಲ್ದಾಣದಲ್ಲಿ, ಟ್ಯೂಷನ್ ಕೇಂದ್ರದ ಪಕ್ಕದಲ್ಲಿ, ಹೈಸ್ಕೂಲಿನ ಎದುರಿಗೆ ಕೆಂಪು ಬಾಟಲಿ ಕಾಣದ ಫ್ರಿಜ್ ಅಪರೂಪ.

ಲೆಕ್ಕ ಕಷ್ಟದ್ದಲ್ಲ. ಮಕ್ಕಳಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಮೀರಬಾರದು ಎಂಬುದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದ ಮಿತಿ. 30 ಕಿಲೋ ತೂಗುವ ಮಗುವಿಗೆ ಅದು 90 ಮಿಲಿಗ್ರಾಂ. ನಮ್ಮ ನಿಯಮ ಒಪ್ಪುವ ಗರಿಷ್ಠ ಪ್ರಮಾಣದಲ್ಲಿ 250 ಮಿಲಿಲೀಟರಿನ ಒಂದು ಬಾಟಲಿಯಲ್ಲೇ 75 ಮಿಲಿಗ್ರಾಂ ಆಯಿತು. ಎರಡನೆಯದು ತೆರೆದರೆ ಮಿತಿ ಎಲ್ಲೋ ಹಿಂದೆ ಉಳಿಯುತ್ತದೆ. ಮಗುವಿಗೆ ಶಕ್ತಿ ಬಂತೇ? ಇಲ್ಲ. ದಣಿವಿನ ಸೂಚನೆ ಮಿದುಳಿಗೆ ಮುಟ್ಟದಂತೆ ಕೆಫೀನ್ ತಡೆಯುತ್ತದೆ, ಅಷ್ಟೇ. ಕೆಟ್ಟ ನಿದ್ದೆ, ಏರಿದ ಎದೆಬಡಿತ, ಚಡಪಡಿಕೆ ಮಗುವಿನ ಪಾಲಿಗೆ. ಎನರ್ಜಿ ಡ್ರಿಂಕ್‌ಗೆ ಮಕ್ಕಳ ಆಹಾರದಲ್ಲಿ ಜಾಗವೇ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಖಂಡಿತವಾಗಿ ಹೇಳಿದೆ.

ಕಾಫಿಯಲ್ಲೂ ಕೆಫೀನ್ ಇಲ್ಲವೇ ಎಂಬ ವಾದವುಂಟು. ಇದೆ. ಆದರೆ ಬಿಸಿ ಕಾಫಿಯನ್ನು ಮಗು ಗಟಗಟನೆ ಕುಡಿಯುವುದಿಲ್ಲ. ಕಾಫಿ ಕುಡಿದರೆ ಸಾಹಸಿಯಾಗುತ್ತೀಯೆಂದು ಸಿನಿಮಾ ನಟರು ಮಗುವಿಗೆ ಹೇಳಿಕೊಡುವುದೂ ಇಲ್ಲ.

ಲಿಥುವೇನಿಯಾ 2014ರಲ್ಲಿ, ಲಾಟ್ವಿಯಾ 2016ರಲ್ಲಿ, ಪೋಲೆಂಡ್ 2024ರ ಜನವರಿಯಲ್ಲಿ 18 ತುಂಬದವರಿಗೆ ಇದರ ಮಾರಾಟ ನಿಲ್ಲಿಸಿದವು. ನಮ್ಮಲ್ಲಿ, ಅತಿ ಸಕ್ಕರೆಯ ತಿನಿಸು ಪಾನೀಯಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂಬ 2020ರ ನಿಯಮ ಇದ್ದರೂ ಕಾಗದ ಬಿಟ್ಟು ಹೊರಬಂದಿಲ್ಲ. ಅದು ನೋಡುವುದೂ ಸಕ್ಕರೆ, ಉಪ್ಪು, ಕೊಬ್ಬನ್ನು, ಕೆಫೀನನ್ನಲ್ಲ.

ದೆಹಲಿಯತ್ತ ಬೆರಳು ತೋರಿಸಿ ಕೂರಲು ರಾಜ್ಯ ಸರ್ಕಾರಕ್ಕೆ ನೆಪವಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 30ನೇ ಸೆಕ್ಷನ್ ಅಡಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರು ಜನಾರೋಗ್ಯದ ಹಿತದಿಂದ ಯಾವುದೇ ಆಹಾರದ ಮಾರಾಟವನ್ನು ಇಡೀ ರಾಜ್ಯದಲ್ಲಿ ಅಥವಾ ನಿರ್ದಿಷ್ಟ ಪ್ರದೇಶದಲ್ಲಿ ಒಂದು ವರ್ಷದವರೆಗೆ ನಿಷೇಧಿಸಬಹುದು. 2024ರಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ತಡೆದದ್ದು ಇದೇ ಸರ್ಕಾರ. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದೂ ಇದೇ ಸರ್ಕಾರ. ರಸ್ತೆಬದಿಯ ಗಾಡಿಯವನ ಮೇಲೆ ತೋರಿದ ದೃಢತೆಯನ್ನು ದೊಡ್ಡ ಕಂಪನಿಗಳ ಎದುರೂ ತೋರಬೇಕು.

ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮುನ್ನವೇ ಶಾಲೆ, ಪಿಯು ಕಾಲೇಜುಗಳ ಸುತ್ತಲಿನ 100 ಮೀಟರ್ ವ್ಯಾಪ್ತಿಯಲ್ಲಿ ಎನರ್ಜಿ ಡ್ರಿಂಕ್ ಮಾರಾಟ ನಿಷೇಧಿಸಿ ಆಯುಕ್ತರು ಆದೇಶ ಹೊರಡಿಸಲಿ. 18 ತುಂಬದವರಿಗೆ ಎಲ್ಲಿಯೂ ಮಾರದಂತೆ ವಿಧಾನಮಂಡಲ ಕಾನೂನು ತರಲಿ. ಬಾಟಲಿಯ ಮೇಲಿನ ಎಚ್ಚರಿಕೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರುವಂತೆ ಕೇಂದ್ರದ ಮೇಲೆ ಒತ್ತಡ ಹೇರಲಿ.