ಹುಲುಸಾದ ಬೆಳೆ ಹೇಳುವ ಸುಳ್ಳು ಸಾಕ್ಷಿ

ಪುಣೆ ನಗರದ ಕೊಳಚೆ ಹೊತ್ತ ಮುಳಾ-ಮುಠಾ ನದಿ, ದೌಂಡ ಪಟ್ಟಣ ಬರುವ ಮೊದಲೇ ಭೀಮೆಗೆ ಸೇರುತ್ತದೆ. ದೌಂಡ ತಾಲ್ಲೂಕಿನ ಕುರಕುಂಭದಲ್ಲಿ ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶವಿದೆ. ದಂಡೆಯುದ್ದಕ್ಕೂ ಕಬ್ಬು. ಮುಂದೆ ಈ ನೀರು ಉಜನಿ ಜಲಾಶಯದಲ್ಲಿ ನಿಂತು, ಪಂಢರಪುರ ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ಬರುತ್ತದೆ. ಹಾಗಾಗಿ ದೌಂಡದ ನೀರಿನ ಪ್ರಶ್ನೆ ಕನ್ನಡಿಗರದ್ದೂ ಹೌದು. ಇಂಥ ನೀರಿನ ಬಗ್ಗೆ ಆತಂಕ ಎತ್ತಿದಾಗಲೆಲ್ಲ ಸಿಗುವ ಉತ್ತರ ಒಂದೇ: ಬೆಳೆ ನೋಡಿ, ಎಷ್ಟು ಹುಲುಸಾಗಿದೆ, ನೀರಲ್ಲಿ ವಿಷವಿದ್ದರೆ ಹೀಗೆ ಬೆಳೆಯುತ್ತಿತ್ತೇ? ಬೆಳೆಯುತ್ತಿತ್ತು. ಸಸ್ಯಕೋಶದೊಳಗೆ ನಡೆಯುವುದನ್ನು ಬಲ್ಲವರು ಈ ಸಾಕ್ಷಿಯನ್ನು ಒಪ್ಪಲಾರರು.

ಕ್ಯಾಡ್ಮಿಯಂ ಗಿಡಕ್ಕೆ ಬೇಡದ ಲೋಹ. ಅದಕ್ಕೆಂದೇ ಬೇರಿನಲ್ಲಿ ಬಾಗಿಲಿಲ್ಲ. ಆದರೆ ಕಬ್ಬಿಣ, ಸತು, ಮ್ಯಾಂಗನೀಸ್‌ಗಳನ್ನು ಒಳಗೆ ತರುವ ಸಾಗಣೆ ಪ್ರೋಟೀನುಗಳಿಗೆ ಅವುಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಪೂರ್ತಿ ತಿಳಿಯದು. ಆರ್ಸೆನಿಕ್ ಕೂಡ ಹೀಗೆಯೇ, ರಂಜಕದ ದಾರಿಯಲ್ಲಿ ನುಸುಳುತ್ತದೆ. ನೀರು ನಿಂತ ಗದ್ದೆಯಲ್ಲಾದರೆ ಭತ್ತ ಸಿಲಿಕಾನ್ ಹೀರುವ ದಾರಿಯಲ್ಲಿ. ಒಳಗೆ ಬಂದ ಲೋಹಕ್ಕೆ ಗಿಡ ಏನು ಮಾಡುತ್ತದೆ ಎಂಬುದಕ್ಕೆ ಮುಖ್ಯ ಸುಳಿವು ಸಿಕ್ಕಿದ್ದು 1985ರಲ್ಲಿ, ಮ್ಯೂನಿಕ್‌ನಲ್ಲಿ. ಗ್ರಿಲ್, ವಿನ್ನಾಕರ್, ಝೆಂಕ್ ಎಂಬ ವಿಜ್ಞಾನಿಗಳು ಲೋಹವನ್ನು ಹಿಡಿದುಕೊಳ್ಳುವ ಪುಟ್ಟ ಪೆಪ್ಟೈಡ್‌ಗಳನ್ನು ಸಸ್ಯಕೋಶಗಳಲ್ಲಿ ಗುರುತಿಸಿ ಫೈಟೊಕೆಲಾಟಿನ್ ಎಂದು ಹೆಸರಿಟ್ಟರು. ಇವುಗಳ ಕಚ್ಚಾವಸ್ತು ಗ್ಲುಟಾಥಯೋನ್. ಅದರ ಸಿಸ್ಟೀನ್ ಭಾಗದಲ್ಲಿರುವ ಗಂಧಕವೇ ಲೋಹವನ್ನು ಕಚ್ಚಿ ಹಿಡಿಯುವ ಹಲ್ಲು. ಈ ಪೆಪ್ಟೈಡ್ ಕಟ್ಟುವ ಕಿಣ್ವ ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಲೋಹ ಬಂದೊಡನೆ ಕೆಲಸಕ್ಕಿಳಿಯುತ್ತದೆ. ಕಟ್ಟುಬಿದ್ದ ಲೋಹವನ್ನು ಮತ್ತೊಂದು ಬಗೆಯ ಪ್ರೋಟೀನು ಕೋಶದೊಳಗಿನ ಸಂಗ್ರಹ ಚೀಲವಾದ ರಸದಾನಿಯೊಳಕ್ಕೆ ತಳ್ಳುತ್ತದೆ. ಇದು ಪುಕ್ಕಟೆಯಲ್ಲ. ಆಮ್ಲಜನಕದ ಉಗ್ರರೂಪಗಳಿಂದ ಕೋಶವನ್ನು ಕಾಯಬೇಕಾದ ಗ್ಲುಟಾಥಯೋನೇ ಇಲ್ಲಿ ಖರ್ಚಾಗುತ್ತದೆ. ಆದರೂ ಲೋಹದ ಪ್ರಮಾಣ ಮಿತಿಯಲ್ಲಿರುವವರೆಗೆ ಎಲೆ ಹಸಿರಾಗಿಯೇ ಇರುತ್ತದೆ. ಗಿಡ ವಿಷವನ್ನು ನಾಶ ಮಾಡಲಿಲ್ಲ, ತನ್ನ ಮೈಯಲ್ಲೇ ಬಚ್ಚಿಟ್ಟಿತು ಅಷ್ಟೆ. ಅದನ್ನು ತಿಂದವರ ಹೊಟ್ಟೆಗೆ ಆ ರಸದಾನಿಯೂ ಹೋಗುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ಗಿಡ ತಾಳಿತೇ ಎಂಬುದಲ್ಲ, ಲೋಹವನ್ನು ಎಲ್ಲಿಟ್ಟಿತು ಎಂಬುದು. ಭತ್ತದಲ್ಲಿ ಎಚ್‌ಎಂಎ3 ಎಂಬ ಪ್ರೋಟೀನು ಕ್ಯಾಡ್ಮಿಯಂ ಅನ್ನು ಬೇರಿನ ರಸದಾನಿಗಳಲ್ಲೇ ಕೂಡಿಹಾಕುತ್ತದೆ. ಇದು ಕೆಟ್ಟಿರುವ ತಳಿಗಳಲ್ಲಿ ಅದೇ ಲೋಹ ಮೇಲೇರುತ್ತದೆ. ಜಪಾನಿನ ಜಿಂಜು ನದಿ ದಂಡೆಯವರು ಗಣಿಯ ಕ್ಯಾಡ್ಮಿಯಂ ಬೆರೆತ ನೀರಿನಲ್ಲಿ ದಶಕಗಳ ಕಾಲ ಭತ್ತ ಬೆಳೆದು ಉಂಡರು. ಅವರಲ್ಲಿ ಮೂಳೆಗಳು ಮೆತ್ತಗಾಗಿ ಮುರಿಯತೊಡಗಿದವು; ಆ ಇತಾಯಿ-ಇತಾಯಿ ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. 2012ರಲ್ಲಿ ಅದೇ ದೇಶದ ವಿಜ್ಞಾನಿಗಳು ಕೊಶಿಹಿಕಾರಿ ತಳಿಯಲ್ಲಿ ಎನ್‌ರ್ಯಾಂಪ್5 ಎಂಬ ಬಾಗಿಲನ್ನೇ ಕೆಡಿಸಿ, ಕಾಳಿಗೆ ಕ್ಯಾಡ್ಮಿಯಂ ಬಹುತೇಕ ಬರದಂತೆ ಮಾಡಿದರು. ಅವರು ಹೆಚ್ಚಿಸಲು ಹೊರಟಿದ್ದು ಸಹಿಷ್ಣುತೆಯನ್ನಲ್ಲ. ನಮ್ಮಲ್ಲಿ ‘ಒತ್ತಡ ತಾಳುವ ತಳಿ’ ಎಂಬ ಮಾತು ಕೇಳಿದಾಗ ನಾನು ಹಿಂಜರಿಯುವುದು ಇದಕ್ಕೇ.

ಎರೆಭೂಮಿ ಲೋಹವನ್ನು ಬಿಗಿಹಿಡಿಯುತ್ತದೆ, ಗಿಡಕ್ಕೆ ಕೊಡುವುದಿಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಸುಣ್ಣದಂಶವಿರುವ ಜಿಗುಟು ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ ಸುಲಭವಾಗಿ ಕರಗುವುದಿಲ್ಲ, ನಿಜ. ಆದರೆ ಕಬ್ಬಿಗೆ ಅತಿಯಾಗಿ ನೀರುಣಿಸಿ ಸವಳಾದ ನೆಲದಲ್ಲಿ ಕ್ಲೋರೈಡ್ ಕ್ಯಾಡ್ಮಿಯಂ ಜೊತೆ ಸೇರಿ ಅದನ್ನು ಮತ್ತೆ ಬೇರಿನತ್ತ ಸಡಿಲಿಸುತ್ತದೆ. ಕ್ಷಾರ ಹೆಚ್ಚಿದಂತೆ ಆರ್ಸೆನಿಕ್‌ನ ಚಲನೆಯೂ ಹೆಚ್ಚುತ್ತದೆ. ಇನ್ನು ಕಬ್ಬಿನಿಂದ ಬರುವುದು ಸಕ್ಕರೆ, ಅದು ಶುದ್ಧೀಕರಣಗೊಂಡೇ ಬರುತ್ತದೆ ಎನ್ನುವವರು ಸೋಗೆಯನ್ನು ಮರೆಯುತ್ತಾರೆ. ಸೋಗೆ ಎಮ್ಮೆಯ ಮೇವು, ಸಕ್ಕರೆ ಕಾರ್ಖಾನೆಯ ಮಡ್ಡಿ ಮರಳಿ ಹೊಲಕ್ಕೆ ಗೊಬ್ಬರ. ಗಿಡಗಳಿಂದಲೇ ಮಣ್ಣು ತೊಳೆಯಬಹುದೆಂಬ ಆಸೆಯೂ ಇದೆ. ಆರ್ಸೆನಿಕ್ ಹೀರುವ ಟೆರಿಸ್ ವಿಟ್ಟಾಟಾ ಜರೀಗಿಡವನ್ನು 2001ರಲ್ಲೇ ಗುರುತಿಸಲಾಗಿದೆ. ಆದರೆ ಆ ಜರೀಗಿಡವನ್ನು ಕಿತ್ತು ಬೇರೆಡೆ ವಿಲೇವಾರಿ ಮಾಡಬೇಕು. ಬದುಕು ಕಟ್ಟಿಕೊಡುವ ಬೆಳೆಯನ್ನು ಹಾಗೆ ಎಸೆಯಲಾಗುವುದಿಲ್ಲ.

ಕೊಳಚೆಯ ಸಾರಜನಕ, ರಂಜಕ ಬೇಕೆನ್ನುವ ರೈತ ತಪ್ಪಿತಸ್ಥನಲ್ಲ. ಅವನಿಗೆ ಬೇರೆ ನೀರಿಲ್ಲ. ತಪಾಸಣೆ ನಡೆಯಬೇಕಾದದ್ದು ಇಳುವರಿಯದ್ದಲ್ಲ. ದೌಂಡದ ಸೊಪ್ಪು, ಸೋಗೆ, ಮಡ್ಡಿ ಮತ್ತು ಹಾಲಿನದ್ದು, ಅದೂ ನೀರು ಉಜನಿ ತಲುಪುವ ಮೊದಲು. ನಗರದ ಶುದ್ಧೀಕರಣ ಘಟಕಗಳನ್ನಷ್ಟೇ ನಂಬಿ ಕೂರುವಂತೆಯೂ ಇಲ್ಲ. ಅಲ್ಲಿ ಲೋಹದ ಬಹುಪಾಲು ಕೆಸರಿಗೆ ಇಳಿಯುತ್ತದೆ, ಆ ಕೆಸರು ಗೊಬ್ಬರವಾಗಿ ಹೊಲಕ್ಕೇ ಬರಬಹುದು. ಲೋಹವನ್ನು ತಡೆಯುವುದಿದ್ದರೆ ಕಾರ್ಖಾನೆಯ ಗೇಟಿನೊಳಗೇ, ಕೊಳಚೆಗೆ ಬೆರೆಯುವ ಮೊದಲೇ.