ಹಿಂದಿನ ಸಾಲಿನ ನಾಲ್ಕು ಮುಖಗಳು

ಕಳೆದ ತಿಂಗಳು ನಮ್ಮ ಹತ್ತನೆಯ ತರಗತಿಯ ಹಳೆಯ ಗುಂಪುಚಿತ್ರವೊಂದನ್ನು ಸ್ಕ್ಯಾನ್ ಮಾಡಿ, ಅಚ್ಚು ಹಾಕಿಸಿ, ನಿಮ್ಮಲ್ಲಿ ಕೆಲವರಿಗೆ ಅಂಚೆಯಲ್ಲಿ ಕಳುಹಿಸಿದ್ದೆನಷ್ಟೆ. ಅದನ್ನು ಕಂಡ ಶಿಷ್ಯನೊಬ್ಬ ದೂರವಾಣಿ ಮಾಡಿ, "ಸಾರ್, ನನ್ನ ಅಂಗಿ ಇದೆ, ಮುಖವೇ ಇಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಹಿಂದಿನ ಸಾಲಿನಲ್ಲಿ ನೆರಳಿಗೆ ನಿಂತಿದ್ದ ನಾಲ್ವರು ಕಪ್ಪು ಮೈಬಣ್ಣದ ಹುಡುಗರ ಮುಖಗಳು ಮಸಿಯ ಮುದ್ದೆಗಳಾಗಿದ್ದವು. ಆ ನಾಲ್ವರಲ್ಲಿ ಒಬ್ಬ ಈಗಿಲ್ಲ. ಅವನ ಅಕ್ಕನಿಗೂ ಅದೇ ಪ್ರತಿ ಹೋಗಿತ್ತು.

ತಪ್ಪು ನನ್ನದೇ. ಗಣಕದಲ್ಲಿ 'ಬೂದುಛಾಯೆ' ಎಂಬುದನ್ನು ಬಿಟ್ಟು 'ಕಪ್ಪು-ಬಿಳುಪು' ಎಂಬುದನ್ನು ಒತ್ತಿದ್ದೆ. ಬೂದುಛಾಯೆಯ ಚಿತ್ರದಲ್ಲಿ ಪ್ರತಿ ಚುಕ್ಕಿಗೂ 0ಯಿಂದ 255ರವರೆಗಿನ ಒಂದು ಅಂಕವಿರುತ್ತದೆ. 0 ಕಡುಗಪ್ಪು, 255 ಅಚ್ಚಬಿಳುಪು. ನಾನು ಒತ್ತಿದ ಗುಂಡಿಯು 128ಕ್ಕಿಂತ ಕಡಿಮೆಯಿದ್ದುದನ್ನೆಲ್ಲ ಕಪ್ಪೆಂದೂ ಉಳಿದುದನ್ನೆಲ್ಲ ಬಿಳುಪೆಂದೂ ತೀರ್ಮಾನಿಸಿಬಿಟ್ಟಿತು. ಕೆನ್ನೆ 100, ಕಣ್ಣು 50 ಇದ್ದರೆ ಎರಡೂ ಕಪ್ಪೇ.

ಅಚ್ಚಿನ ಯಂತ್ರದಲ್ಲಿ ಬೂದು ಶಾಯಿ ಇಲ್ಲ ನಿಜ. ಒಂದೋ ಶಾಯಿ, ಇಲ್ಲವೇ ಬರಿಯ ಕಾಗದ. ಆದರೂ ಮುಖವನ್ನು ಉಳಿಸುವ ದಾರಿಯುಂಟು. ಅದರ ಹೆಸರು ಡಿದರಿಂಗ್. ಫ್ಲಾಯ್ಡ್ ಮತ್ತು ಸ್ಟೈನ್‌ಬರ್ಗ್ ಎಂಬವರು 1976ರಲ್ಲಿ ಪ್ರಕಟಿಸಿದ ವಿಧಾನವು ನನ್ನಂಥ ಲೆಕ್ಕದ ಮೇಷ್ಟರಿಗೆ ಬಹಳ ಹಿಡಿಸುವಂಥದು. 100 ಅಂಕದ ಚುಕ್ಕಿಯನ್ನು ಕಪ್ಪು ಮಾಡಿದಾಗ ಆ 100 ಉಳಿಯಿತಲ್ಲವೆ? ಅದನ್ನು ಎಸೆಯದೆ ನೆರೆಯವರಿಗೆ ಹಂಚಬೇಕು: ಬಲಕ್ಕೆ 7/16, ಕೆಳಗಿನ ಎಡಕ್ಕೆ 3/16, ನೇರ ಕೆಳಕ್ಕೆ 5/16, ಕೆಳಗಿನ ಬಲಕ್ಕೆ 1/16. ಬಲದ ಚುಕ್ಕಿಯೂ 100 ಆಗಿದ್ದರೆ ಈಗ ಅದು 143.75 ಆಗಿ ಗೆರೆ ದಾಟಿ ಬಿಳುಪಾಗುತ್ತದೆ. ಹೆಚ್ಚು ಪಡೆದ 111.25 ಸಾಲವಾಗಿ ಮುಂದಿನವರ ಲೆಕ್ಕಕ್ಕೆ ಹೋಗುತ್ತದೆ. ಹೀಗೆ ಸಾಗಿದರೆ ಅಂಥ ಕೆನ್ನೆಯಲ್ಲಿ ನೂರಕ್ಕೆ ಸುಮಾರು 39 ಚುಕ್ಕಿಗಳು ಬಿಳುಪಾಗಿ, ದೂರದಿಂದ ನೋಡುವ ಕಣ್ಣಿಗೆ ಬೂದುಬಣ್ಣವೇ ಕಾಣುತ್ತದೆ. (ಶೇಷವನ್ನು ಬಿಟ್ಟು ಪೂರ್ಣಾಂಕ ಬರೆಯಿರೆಂದು ನಿಮಗೆ ಕಲಿಸಿದವನೂ ನಾನೇ!)

ಚುಕ್ಕಿ ಚುಕ್ಕಿಯಾಗಿ ಕಾಣುವುದು ಅಂದವಲ್ಲವೆಂದು ಮೊಮ್ಮಗನ ವಾದ. ಅಕ್ಷರಕ್ಕೆ, ಸಹಿಗೆ, ರೇಖಾಚಿತ್ರಕ್ಕೆ ಒಂದೇ ಗೆರೆಯ ತೀರ್ಮಾನ ಸಾಕೆಂಬುದನ್ನು ಒಪ್ಪುತ್ತೇನೆ. ಮುಖಕ್ಕೆ ಸಲ್ಲದು. 1984ರ ಮ್ಯಾಕಿಂಟಾಷ್ ಗಣಕದ ಕಾಲದ ಅಟ್ಕಿನ್ಸನ್ ವಿಧಾನವನ್ನೂ ಅವನು ತೋರಿಸಿದ. ಅದು ಶೇಷದ ಎಂಟರಲ್ಲಿ ಆರು ಪಾಲನ್ನಷ್ಟೇ ಹಂಚುವುದರಿಂದ ಚಿತ್ರವು ಚುರುಕಾಗಿ ಕಾಣುತ್ತದೆ, ಆದರೆ ಕತ್ತಲಲ್ಲಿದ್ದುದು ಇನ್ನಷ್ಟು ಕತ್ತಲಾಗುತ್ತದೆ. ನಮ್ಮ ಹಿಂದಿನ ಸಾಲಿಗೆ ಅದು ಬೇಡವೆಂದೆ. ಶಾಲೆಗಳ ಸ್ಮರಣಸಂಚಿಕೆ ಹೊರತರುವವರೂ ಅಚ್ಚಿಗೆ ಕೊಡುವ ಮುನ್ನ ಹಿಂದಿನ ಸಾಲನ್ನೊಮ್ಮೆ ನೋಡಬೇಕೆಂದು ನನ್ನ ಕೋರಿಕೆ.

ಹೊಸ ಪ್ರತಿಗಳನ್ನು ಸೋಮವಾರ ಅಂಚೆಗೆ ಹಾಕಿದ್ದೇನೆ. ಮೊದಲನೆಯದು ಆ ಅಕ್ಕನಿಗೆ. ಅದರ ಮೇಲೆ ಮತ್ತೆ ಜೆರಾಕ್ಸ್ ಮಾಡಿಸಬೇಡಿ, ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಕಾದವರು ನನ್ನನ್ನೇ ಕೇಳಿ.