‘ಬ್ಯಾಂಕ್’: ಕಾಗುಣಿತ ಒಂದು, ಕುಲಗಳು ಹಲವು

‘ಬ್ಯಾಂಕು’ ಎಂಬ ಪದ ಇಂದು ಕನ್ನಡಿಗರಿಗೆ ಪರಕೀಯವೆನಿಸುವುದಿಲ್ಲ. ಇಂದಿನ ಕೆನರಾ ಬ್ಯಾಂಕಿನ ಮೂಲಸಂಸ್ಥೆ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು. 1913ರಲ್ಲಿ ಮೈಸೂರು ಸಂಸ್ಥಾನದ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು ತಲೆಯೆತ್ತಿದವು. ಹೀಗೆ ಹಣದ ವ್ಯವಹಾರದೊಡನೆ ನೆಲೆಗೊಂಡ ಈ ಪದಕ್ಕೆ ಇಂಗ್ಲಿಷಿನಲ್ಲಿ ನದಿಯ ದಡವೆಂಬ ಅರ್ಥವೂ ಉಂಟು. ಹಣದ ಮನೆಗೂ ಹೊಳೆಯ ದಡಕ್ಕೂ ಏನು ನಂಟು?

ಶಾಲೆಯ ಪದಕೋಶಗಳು ಇವೆರಡನ್ನೂ ಒಂದೇ ಪದದ ಎರಡು ಅರ್ಥಗಳೆಂದು ಪಟ್ಟಿ ಮಾಡುತ್ತವೆ. ಚರಿತ್ರೆ ಹೇಳುವುದೇ ಬೇರೆ. ದಡವೆಂಬ ಅರ್ಥದ ಪದ ಸ್ಕ್ಯಾಂಡಿನೇವಿಯಾದ ಜನರ ಭಾಷೆಯಿಂದ ಮಧ್ಯಕಾಲೀನ ಇಂಗ್ಲಿಷಿಗೆ ಬಂದುದು. ಹಣದ ಬ್ಯಾಂಕು ಇಟಲಿಯದು. ಅಲ್ಲಿನ ನಾಣ್ಯ ವಿನಿಮಯಗಾರರು ಕುಳಿತು ವ್ಯವಹರಿಸುತ್ತಿದ್ದ ಹಲಗೆಗೆ ‘ಬಾಂಕಾ’ ಎಂದು ಹೆಸರು. ಹಲಗೆಯ ಹೆಸರು ವ್ಯವಹಾರಕ್ಕೆ, ವ್ಯವಹಾರದ ಹೆಸರು ಸಂಸ್ಥೆಗೆ ಸಂದು, ಫ್ರೆಂಚಿನ ಮೂಲಕ 15ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷನ್ನು ಸೇರಿತು. ದಿವಾಳಿಯನ್ನು ಸೂಚಿಸುವ ‘ಬ್ಯಾಂಕ್ರಪ್ಟ್’ ಎಂಬುದರ ಮೂಲಾರ್ಥ ‘ಮುರಿದ ಹಲಗೆ’. ಔತಣವೆಂಬ ಅರ್ಥದ ‘ಬ್ಯಾಂಕ್ವೆಟ್’ ಕೂಡ ಅದೇ ಹಲಗೆಯ ಸಂತಾನ. ದೋಣಿಯ ಹುಟ್ಟುಗಳ ಸಾಲನ್ನು ಹೇಳುವ ‘ಬ್ಯಾಂಕ್’ ಹುಟ್ಟು ಹಾಕುವವರು ಕೂರುವ ಹಲಗೆಯಿಂದ ಬಂದುದು. 1937ರಲ್ಲಿ ಷಿಕಾಗೊ ನಗರದ ವೈದ್ಯ ಬರ್ನಾರ್ಡ್ ಫ್ಯಾಂಟಸ್ ‘ಬ್ಲಡ್ ಬ್ಯಾಂಕ್’ ಎಂಬ ಹೆಸರನ್ನು ಬಳಕೆಗೆ ತಂದಾಗ, ಹಲಗೆ ರಕ್ತನಿಧಿಯೂ ಆಯಿತು.

ಇನ್ನೂ ಹಿಂದಕ್ಕೆ ಸರಿದರೆ ಬೇರೆಯೇ ಒಂದು ಸ್ವಾರಸ್ಯ ಎದುರಾಗುತ್ತದೆ. ಇಟಲಿಯವರು ‘ಬಾಂಕಾ’ವನ್ನು ಪಡೆದುದೂ ಜರ್ಮಾನಿಕ್ ಭಾಷೆಗಳಿಂದಲೇ. ದಡ, ಹಲಗೆ, ಕನ್ನಡ ಮಕ್ಕಳು ಕೂರುವ ‘ಬೆಂಚು’ ಎಲ್ಲವೂ ದೂರದ ಒಂದೇ ಬೇರಿನ ಕವಲುಗಳು. ಬೇರೆ ಬೇರೆ ದಾರಿ ಹಿಡಿದ ದಾಯಾದಿಗಳು ಇಂಗ್ಲಿಷಿನಲ್ಲಿ ಒಂದೇ ವೇಷದಲ್ಲಿ ಮತ್ತೆ ಸೇರಿದ್ದಾರೆ.

ಇದು ಕೇವಲ ಕುತೂಹಲದ ಸಂಗತಿಯಲ್ಲ. ಜೋರ್ಡನ್ ನದಿಯ ಪಶ್ಚಿಮಕ್ಕಿರುವ ಪ್ರದೇಶವನ್ನು ಕನ್ನಡದ ಸುದ್ದಿಗಳು ‘ವೆಸ್ಟ್ ಬ್ಯಾಂಕ್’ ಎಂದು ಬರೆದಾಗ, ಕನ್ನಡವನ್ನಷ್ಟೇ ಬಲ್ಲ ಓದುಗನಿಗೆ ಅಲ್ಲಿ ನದಿಯೇ ಕಾಣದು. ಹಣದ ಮನೆ ಕಂಡೀತು. ‘ಪಶ್ಚಿಮ ದಂಡೆ’ ಎಂದೊಡನೆ ಭೂಗೋಳವೇ ಕಣ್ಣೆದುರು ನಿಲ್ಲುತ್ತದೆ. ದಡ, ದಂಡೆ, ತಡಿ, ತೀರ ಎಂಬ ಸಂಪತ್ತಿರುವ ಭಾಷೆ ಇಲ್ಲಿ ಧ್ವನಿಯನ್ನು ಸಾಲ ತರಬೇಕಿಲ್ಲ. ಹಣದ ಬ್ಯಾಂಕನ್ನು ಮಾತ್ರ ಹೊರಗಟ್ಟುವ ಅಗತ್ಯವಿಲ್ಲ. ವಸ್ತುವಿನೊಡನೆ ಬಂದ ಹೆಸರು ವಸ್ತುವಿನೊಡನೆ ಉಳಿಯಲಿ. ನ್ಯಾಯಾಲಯದ ‘ಬೆಂಚ್’ ಅನ್ನು ಕನ್ನಡ ‘ಪೀಠ’ವೆಂದು ಕರೆದು ಧಾರವಾಡ ಪೀಠ, ಕಲಬುರಗಿ ಪೀಠ ಎಂದು ಬಳಸುತ್ತಿದೆ, ತರಗತಿಯ ಬೆಂಚನ್ನು ಬೆಂಚೆಂದೇ ಬಿಟ್ಟಿದೆ. ಅನುವಾದದ ವಿವೇಕವೆಂದರೆ ಇದೇ.

ಒಂದೇ ರೂಪದಲ್ಲಿ ಹಲವು ಪದಗಳು ಅಡಗುವುದು ಇಂಗ್ಲಿಷಿನ ದೌರ್ಬಲ್ಯವೆಂದು ನಗುವವರು ಕನ್ನಡದತ್ತ ನೋಡಬೇಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ಕಾಲಕ್ರಮದಲ್ಲಿ ೞಕಾರವೂ ಱಕಾರವೂ ಅಳಿದು, ಕತ್ತಿಗೂ ಬದುಕಿಗೂ, ಕೊಯ್ಯುವುದಕ್ಕೂ ತಿಳಿಯುವುದಕ್ಕೂ ಒಂದೊಂದೇ ಕಾಗುಣಿತ ಉಳಿಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಪದಗಳನ್ನು ಎಣಿಸಿ ದಾಖಲಿಸಿದುದು ವ್ಯರ್ಥ ಶ್ರಮವಲ್ಲ, ಆ ಭೇದ ಉಳಿಯಬೇಕೆಂಬ ಕಾಳಜಿ ಅದು.

ಹಳಗನ್ನಡ ಪಾಠಗಳನ್ನು ಸುಲಭಗೊಳಿಸುವ ನೆಪದಲ್ಲಿ ೞ, ಱಗಳನ್ನು ಳ, ರಗಳಾಗಿ ಮುದ್ರಿಸುವವರು ವಿದ್ಯಾರ್ಥಿಗೆ ಉಪಕಾರ ಮಾಡುತ್ತಿಲ್ಲ. ಎರಡು ಅಕ್ಷರಗಳನ್ನು ಕಲಿಯುವ ಶ್ರಮ ಒಂದು ದಿನದ್ದು. ಅವು ಮರೆಯಾದಾಗ ಉಂಟಾಗುವ ಅರ್ಥದ ಗೊಂದಲ ಓದಿನುದ್ದಕ್ಕೂ ಬೆನ್ನುಹತ್ತುತ್ತದೆ. ಮೂಲ ಬೇರೆಯಾದ ಪದಗಳಿಗೆ ನಿಘಂಟುಗಳು ಬೇರೆ ಬೇರೆ ಉಲ್ಲೇಖಗಳನ್ನೇ ಕೊಡಲಿ. ಪಠ್ಯಗಳು ಹಳೆಯ ಅಕ್ಷರಗಳನ್ನು ಉಳಿಸಿಕೊಳ್ಳಲಿ. ಬದುಕೆಂದು ಓದಬೇಕಾದಲ್ಲಿ ಕತ್ತಿಯೆಂದು ಓದುವ ಅಪಾಯ ಆಗ ತಪ್ಪೀತು.